ಇಳಿಬಿದ್ದ ಕಣ್ಣುರೆಪ್ಪೆ: ಅದರ ಕಾರಣವನ್ನರಿಯುವ ಬಗೆ

ಮನೆಯಲ್ಲಿ ಒಬ್ಬರ ಕಣ್ಣುರೆಪ್ಪೆ ಇಳಿಬಿದ್ದುದನ್ನು ಕಂಡರೆ ನಾವು ಸಾಮಾನ್ಯವಾಗಿ ಮೂರು ಮಾತುಗಳಲ್ಲಿ ಒಂದನ್ನು ಹೇಳಿ ಸುಮ್ಮನಾಗುವೆವು. ಮಗುವಾದರೆ “ಹುಟ್ಟಿದ್ದೇ ಹಾಗೆ” ಎನ್ನುವೆವು; ಮುದುಕರಾದರೆ “ವಯಸ್ಸಾಯಿತಲ್ಲ” ಎನ್ನುವೆವು; ನಡುವಯಸ್ಸಿನವರಾದರೆ “ನಿದ್ದೆ ಸಾಲದು” ಎನ್ನುವೆವು. ಈ ಮೂರು ಮಾತುಗಳೂ ಕೆಲವು ಸಲ ನಿಜವಾಗಿರುವುದುಂಟು. ಆದರೆ ಇವುಗಳಲ್ಲಿ ಯಾವುದೂ ಕಾರಣವನ್ನು ವಿಚಾರಿಸಿ ಹೇಳಿದ ಮಾತಲ್ಲ. ಇಳಿಬಿದ್ದ ರೆಪ್ಪೆಯೆಂಬುದು ತಾನೇ ಒಂದು ರೋಗವಲ್ಲ. ಅದು ಬೇರೊಂದರ ಗುರುತು. ಆ ಬೇರೊಂದು ಕೇವಲ ವೃದ್ಧಾಪ್ಯದ ಸಡಿಲಿಕೆಯಾಗಿರಬಹುದು, ಅಥವಾ ಕೆಲವೇ ಗಂಟೆಗಳಲ್ಲಿ ಉಸಿರನ್ನು ನಿಲ್ಲಿಸುವ ವಿಷವಾಗಿರಬಹುದು. ಇವೆರಡನ್ನೂ ಬೇರ್ಪಡಿಸಿ ನೋಡುವ ಬುದ್ಧಿ ವೈದ್ಯರಿಗೆ ಮಾತ್ರ ಇದ್ದರೆ ಸಾಲದು. ಏಕೆಂದರೆ ರೆಪ್ಪೆಯನ್ನು ಮೊದಲು ಕಾಣುವವರು ಮನೆಯವರು. ವೈದ್ಯರು ಕಾಣುವುದು ಅನಂತರ.

ಚಾಮರಾಜನಗರ, ಗುಂಡ್ಲುಪೇಟೆಯ ಸೀಮೆಯಲ್ಲಿರುವ ಗೃಹಸ್ಥರಿಗೆ ಈ ವಿಷಯವು ಇತರರಿಗಿಂತ ಹೆಚ್ಚು ಹತ್ತಿರದ್ದು. ಬಂಡೀಪುರದ ಕಾಡಿನ ಅಂಚಿನಲ್ಲಿ, ಹಿಮವದ್ ಗೋಪಾಲಸ್ವಾಮಿ ಬೆಟ್ಟದ ತಪ್ಪಲಲ್ಲಿ, ಅರಿಸಿನ, ಚೆಂಡುಹೂ, ಸೂರ್ಯಕಾಂತಿ, ಜೋಳಗಳ ಹೊಲಗಳ ನಡುವೆ ಬಾಳುವ ಜನರು ರಾತ್ರಿ ಹಂದಿ ಆನೆಗಳಿಂದ ಬೆಳೆಯನ್ನು ಕಾಯುವರು. ಹೊಲದ ಮನೆಗಳಲ್ಲಿ ನೆಲದ ಮೇಲೆ ಚಾಪೆ ಹಾಸಿ ಮಲಗುವರು. ಆ ನೆಲದ ಮೇಲೆಯೇ ಇರುಳಿನಲ್ಲಿ ಹರಿದಾಡುವ ಒಂದು ಪ್ರಾಣಿಯ ವಿಷಯವನ್ನು ನಾವು ಮುಂದೆ ಹೇಳಬೇಕಾಗಿದೆ. ಅದಕ್ಕೆ ಮೊದಲು ರೆಪ್ಪೆಯು ನಿಲ್ಲುವುದು ಹೇಗೆಂಬುದನ್ನು ತಿಳಿಯೋಣ. ನಿಲ್ಲುವ ಬಗೆ ತಿಳಿದರೆ ಬೀಳುವ ಬಗೆ ತಾನಾಗಿಯೇ ತಿಳಿಯುವುದು.

ಬಾವಿಯಿಂದ ಕೊಡವನ್ನು ಸೇದುವುದನ್ನು ನೆನೆಯಿರಿ. ಕೊಡವು ಮೇಲೆ ಬರಬೇಕಾದರೆ ಹಗ್ಗ ಗಟ್ಟಿಯಾಗಿರಬೇಕು, ಸೇದುವ ತೋಳಿನಲ್ಲಿ ಬಲವಿರಬೇಕು, “ಸೇದು” ಎಂಬ ಮಾತು ತೋಳಿಗೆ ತಲುಪಬೇಕು, ಕೊಡ ಅತಿಭಾರವಾಗಿರಬಾರದು. ಮೇಲ್ರೆಪ್ಪೆಯೂ ಹೀಗೆಯೇ. ಕಣ್ಣಿನ ಗೂಡಿನ ಹಿಂಬದಿಯಿಂದ ಹೊರಟು ಕಣ್ಣುಗುಡ್ಡೆಯ ಮೇಲೆ ಹಾದುಬರುವ ಒಂದು ತೆಳುವಾದ ಸ್ನಾಯುವೇ ತೋಳು. ಅದರ ತುದಿ ಅಗಲವಾದ ನಾರಿನ ಹಾಳೆಯಾಗಿ ರೆಪ್ಪೆಗೆ ಅಂಟಿರುವುದು, ಅದೇ ಹಗ್ಗ. ಮಿದುಳಿನಿಂದ ಹೊರಡುವ ಹನ್ನೆರಡು ಜೊತೆ ನರಗಳಲ್ಲಿ ಮೂರನೆಯದು ಆ ಸ್ನಾಯುವಿಗೆ ಆಜ್ಞೆಯನ್ನು ಒಯ್ಯುವುದು. ಇದಲ್ಲದೆ ಇನ್ನೊಂದು ಪುಟ್ಟ ಸ್ನಾಯುವುಂಟು. ಅದು ರೆಪ್ಪೆಯನ್ನು ಸುಮಾರು 2 ಮಿಲಿಮೀಟರಿನಷ್ಟು ಮಾತ್ರ ಎತ್ತುವುದು, ಅದರ ನರವು ಎದೆಯ ಮೇಲ್ಭಾಗದಿಂದ ಕೊರಳಿನ ಮೂಲಕ ಸುತ್ತಿಬರುವುದು. ನರದ ತುದಿಗೂ ಸ್ನಾಯುವಿಗೂ ನಡುವೆ ಕೂದಲೆಳೆಗಿಂತ ಸಣ್ಣದಾದ ಒಂದು ಸಂದಿಯಿದೆ. ನರದ ತುದಿಯಿಂದ ಅಸಿಟೈಲ್‌ಕೋಲಿನ್ ಎಂಬ ರಸ ಒಸರಿ, ಆ ಸಂದಿಯನ್ನು ದಾಟಿ ಸ್ನಾಯುವಿನ ಮೇಲಿನ ಗ್ರಾಹಕಗಳನ್ನು ಮುಟ್ಟಿದರೆ ಮಾತ್ರ ಆಜ್ಞೆ ತಲುಪಿದಂತೆ. ಹೀಗೆ ಎಲ್ಲವೂ ಸರಿಯಾಗಿದ್ದರೆ ಮೇಲ್ರೆಪ್ಪೆಯು ಕರಿಗುಡ್ಡೆಯ ಮೇಲಂಚನ್ನು 1 ಅಥವಾ 2 ಮಿಲಿಮೀಟರಿನಷ್ಟು ಮುಚ್ಚಿ ನಿಲ್ಲುವುದು. ಅದಕ್ಕಿಂತ ಕೆಳಗಿಳಿದರೆ ರೆಪ್ಪೆ ಬಿದ್ದಿದೆಯೆಂದು ಅರ್ಥ.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ನಿವಾರಿಸಬೇಕು. ಮುಖದ ಒಂದು ಪಕ್ಕ ಸೊಟ್ಟಗಾದವರನ್ನು ಕಂಡು “ಕಣ್ಣೂ ಬಿದ್ದಿದೆ” ಎನ್ನುವುದು ವಾಡಿಕೆ. ವಸ್ತುತಃ ಅಲ್ಲಿ ಕೆಟ್ಟಿರುವುದು ಏಳನೆಯ ನರ. ಅದು ಕಣ್ಣನ್ನು ಮುಚ್ಚುವ ನರವೇ ಹೊರತು ತೆರೆಯುವ ನರವಲ್ಲ. ಆ ರೋಗಿಯ ಕಣ್ಣು ಮುಚ್ಚಲಾರದೆ ತೆರೆದೇ ಉಳಿಯುವುದು. ನಮ್ಮ ವಿಷಯಕ್ಕೆ ಅದು ನೇರ ವಿರುದ್ಧ. ಹಾಗೆಯೇ ಗಂಟಲಿನ ಥೈರಾಯ್ಡ್ ಗ್ರಂಥಿಯ ದೋಷದಿಂದ ಒಂದು ಕಣ್ಣು ಅರಳಿ ದೊಡ್ಡದಾಗಿದ್ದರೆ, ಸರಿಯಾಗಿರುವ ಇನ್ನೊಂದು ಕಣ್ಣೇ ಇಳಿದಂತೆ ತೋರುವುದು. ಆದುದರಿಂದ ಇಳಿದಿರುವುದು ಯಾವುದು, ಏರಿರುವುದು ಯಾವುದು ಎಂಬುದನ್ನು ಮೊದಲು ನಿಶ್ಚಯಿಸಿಕೊಳ್ಳತಕ್ಕದ್ದು.

ಅನಂತರ ಕೇಳಬೇಕಾದ ಪ್ರಶ್ನೆಗಳು ಮೂರೇ. ಒಂದು, ರೆಪ್ಪೆ ಬಿದ್ದು ಎಷ್ಟು ಕಾಲವಾಯಿತು? ಗಂಟೆಗಳೋ, ದಿನಗಳೋ, ತಿಂಗಳುಗಳೋ, ವರ್ಷಗಳೋ? ಎರಡು, ಬಿದ್ದಿರುವುದು ಒಂದು ಕಣ್ಣಿನದೋ, ಎರಡರದೋ? ಮೂರು, ಜೊತೆಯಲ್ಲಿ ಬೇರೇನಿದೆ? ಪಾಪೆಯ ಗಾತ್ರ, ಕಣ್ಣಿನ ಹೊರಳಾಟ, ನುಂಗುವುದು, ಮಾತು, ಉಸಿರು, ತಲೆನೋವು, ಇವುಗಳಲ್ಲಿ ಏನಾದರೂ ಕೆಟ್ಟಿದೆಯೇ? ಈ ಮೂರು ಪ್ರಶ್ನೆಗಳಲ್ಲಿ ಮೊದಲನೆಯದೇ ಮುಖ್ಯವಾದುದು. ಕಾಲವು ಕಡಿಮೆಯಾದಷ್ಟೂ ಅಪಾಯ ಹೆಚ್ಚು. ಆದಕಾರಣ ಗಂಟೆಗಳ ಲೆಕ್ಕದಲ್ಲಿ ಬರುವ ಕಾರಣದಿಂದಲೇ ಆರಂಭಿಸುವೆವು.

ರಾತ್ರಿ ಚೆನ್ನಾಗಿ ಉಂಡು ಮಲಗಿದ ಆರೋಗ್ಯವಂತನೊಬ್ಬನು ನಡುರಾತ್ರಿಯಲ್ಲಿ ಹೊಟ್ಟೆನೋವೆಂದು ಎದ್ದು ಕುಳಿತುಕೊಳ್ಳುವನು. ಒಂದೆರಡು ಸಲ ವಾಂತಿಯಾಗಬಹುದು. ಮನೆಯವರು ಉಂಡದ್ದು ಒಗ್ಗಲಿಲ್ಲವೆಂದು ಜೀರಿಗೆಯ ಕಷಾಯ ಕೊಡುವರು. ಬೆಳಗಾಗುವಷ್ಟರಲ್ಲಿ ಅವನ ಎರಡು ರೆಪ್ಪೆಗಳೂ ಜೋಲುವುವು. “ಯಾಕ್ಲಾ ಮಗ, ಇನ್ನೂ ನಿದ್ದೆ ಬಿಟ್ಟಿಲ್ವಾ?” ಎಂದು ಹಿರಿಯರು ಗದರುವರು. ಅವನಿಗೆ ಒಂದು ವಸ್ತು ಎರಡಾಗಿ ತೋರುವುದು, ಗಂಟಲಿನಲ್ಲಿ ಉಗುಳು ಇಳಿಯದು, ಮಾತು ತೊದಲುವುದು, ಕತ್ತು ನಿಲ್ಲದು. ಮೈಯಲ್ಲಿ ಗಾಯವಿಲ್ಲ, ಬಾವಿಲ್ಲ, ಹಾವನ್ನು ಕಂಡವರೂ ಇಲ್ಲ. ಇಂತಹ ಚಿತ್ರವನ್ನು ನಮ್ಮ ನಾಡಿನ ಹಳ್ಳಿಯಲ್ಲಿ ಕಂಡಾಗ ಮೊದಲು ಯೋಚಿಸಬೇಕಾದುದು ಕಟ್ಟುಹಾವಿನ ಕಡಿತವನ್ನು. ಕೆಲವೆಡೆ ಇದನ್ನು ಕಡಂಬಳವೆಂದೂ ಕರೆಯುವರು. ಹೊಳೆಯುವ ಕಪ್ಪು ಮೈಯ ಮೇಲೆ ತೆಳ್ಳನೆಯ ಬಿಳಿಯ ಪಟ್ಟಿಗಳಿರುವ ಈ ಹಾವು ಹಗಲಲ್ಲಿ ಅಡಗಿದ್ದು ಇರುಳಿನಲ್ಲಿ ಇಲಿ, ಹಲ್ಲಿ, ಸಣ್ಣ ಹಾವುಗಳನ್ನು ಅರಸಿ ಮನೆಯೊಳಕ್ಕೂ ಬರುವುದು. ನೆಲದ ಮೇಲೆ ಮಲಗಿದವರು ನಿದ್ದೆಯಲ್ಲಿ ಕೈಕಾಲಾಡಿಸಿದಾಗ ಕಡಿಯುವುದು. ಅದರ ಹಲ್ಲು ಸಣ್ಣದು, ನೋವು ಬಹಳ ಕಡಿಮೆ. ಸೊಳ್ಳೆಯೋ ಇರುವೆಯೋ ಕಚ್ಚಿತೆಂದು ತಿಳಿದು ಮಗ್ಗುಲು ಬದಲಿಸಿ ಮಲಗಿದವರೂ ಉಂಟು.

ವಿಷವು ಮೊದಲು ರೆಪ್ಪೆಯಲ್ಲೇ ಏಕೆ ತೋರಬೇಕು? ಎಚ್ಚರವಿರುವಷ್ಟು ಹೊತ್ತೂ ರೆಪ್ಪೆಯನ್ನೆತ್ತುವ ಸ್ನಾಯುವಿಗೆ ಬಿಡುವಿಲ್ಲ. ಆಜ್ಞೆಯಲ್ಲಿ ಸ್ವಲ್ಪ ಕೊರತೆಯಾದರೂ ಅದು ಮೊದಲು ಇಲ್ಲಿ ಕಂಡುಬರುವುದು. ಕಟ್ಟುಹಾವಿನ ವಿಷವು ನಾವು ಮೇಲೆ ಹೇಳಿದ ಸಂದಿಗೆ ಹೋಗಿ, ರಸವನ್ನು ಒಸರುವ ನರದ ತುದಿಯನ್ನೇ ಕೆಡಿಸುವುದು. ನಾಗರಹಾವಿನ ವಿಷವು ಸಂದಿಯ ಆಚೆಗಿರುವ ಗ್ರಾಹಕಗಳ ಮೇಲೆ ಕುಳಿತು ಬಾಗಿಲು ಮುಚ್ಚುವುದು. ಅಲ್ಲಿ ಕಚ್ಚಿದ ಜಾಗದಲ್ಲಿ ನೋವೂ ಬಾವೂ ಉಂಟು. ನಮ್ಮ ದಕ್ಷಿಣದೇಶದ ಕೊಳಕುಮಂಡಲವು ರಕ್ತವನ್ನು ಕೆಡಿಸುವುದಲ್ಲದೆ ಕೆಲವರಲ್ಲಿ ರೆಪ್ಪೆಯನ್ನೂ ಇಳಿಸುವುದು. ಅಲ್ಲಿ ವಸಡಿನಿಂದಲೋ ಗಾಯದಿಂದಲೋ ರಕ್ತ ಒಸರುವುದು ಹೆಚ್ಚಿನ ಗುರುತು. ಹೀಗೆ ರೆಪ್ಪೆಯೊಂದನ್ನೇ ನೋಡಿ ಹಾವನ್ನು ನಿರ್ಧರಿಸಲಾಗದಿದ್ದರೂ, ರೆಪ್ಪೆ, ಬಾವು, ರಕ್ತ ಈ ಮೂರನ್ನೂ ಸೇರಿಸಿ ನೋಡಿದರೆ ವೈದ್ಯರಿಗೆ ದಾರಿ ಸಿಗುವುದು. ಹಾವನ್ನು ಹೊಡೆದು ತರಬೇಕೆಂಬ ಹಟ ಬೇಡ. ಅದರಿಂದ ಕಾಲಹರಣವಾಗುವುದು, ಮತ್ತೊಬ್ಬರಿಗೂ ಕಡಿತವಾಗಬಹುದು.

ರೆಪ್ಪೆಯಿಂದ ವಿಷವು ಕೆಳಕ್ಕಿಳಿಯುವ ಕ್ರಮವನ್ನು ಮನೆಯವರು ತಿಳಿದಿರಬೇಕು. ರೆಪ್ಪೆಯ ಅನಂತರ ಕಣ್ಣಿನ ಹೊರಳಾಟ, ಅನಂತರ ನುಂಗುವ ಶಕ್ತಿ, ದವಡೆ, ಕತ್ತು, ಕೊನೆಗೆ ಎದೆಯನ್ನು ಆಡಿಸುವ ಸ್ನಾಯುಗಳು ಸೋಲುವುವು. ಸಾವು ಬರುವುದು ವಿಷದ ಉರಿಯಿಂದಲ್ಲ, ಉಸಿರು ನಿಲ್ಲುವುದರಿಂದ. ಒಂದೇ ಉಸಿರಿನಲ್ಲಿ ಒಂದು, ಎರಡು, ಮೂರು ಎಂದು ಗಟ್ಟಿಯಾಗಿ ಎಣಿಸಲು ರೋಗಿಗೆ ಹೇಳಿರಿ. ಆರೋಗ್ಯವಂತರು ಇಪ್ಪತ್ತನ್ನು ಸುಲಭವಾಗಿ ದಾಟುವರು. ಎಣಿಕೆಯು ಗಳಿಗೆಗಳಿಗೆಗೆ ಕಡಿಮೆಯಾಗುತ್ತಿದ್ದರೆ ಉಸಿರಾಟದ ಬಲ ಕುಗ್ಗುತ್ತಿದೆಯೆಂದು ತಿಳಿಯಬೇಕು. ಇದನ್ನು ದಾರಿಯಲ್ಲಿಯೇ ನೋಡಬಹುದು. ಇದಕ್ಕಾಗಿ ಮನೆಯಲ್ಲಿ ನಿಲ್ಲಬಾರದು.

ಮಾಡತಕ್ಕದ್ದು ಇಷ್ಟು. ಕೂಡಲೇ 108ಕ್ಕೆ ಕರೆ ಮಾಡಬೇಕು, ಅಥವಾ ಸಿಕ್ಕಿದ ವಾಹನದಲ್ಲಿ ಆಸ್ಪತ್ರೆಗೆ ಹೊರಡಬೇಕು. ಕಚ್ಚಿದ ಅಂಗ ಗೊತ್ತಿದ್ದರೆ ಮುರಿದ ಮೂಳೆಗೆ ಕಟ್ಟುವಂತೆ ದಬ್ಬೆ ಕಟ್ಟಿ ಅಲುಗಾಡದಂತೆ ಇಡಬೇಕು. ಉಂಗುರ, ಬಳೆ, ಕಾಲ್ಗಡಗಗಳನ್ನು ತೆಗೆಯಬೇಕು. ನುಂಗಲಾರದವನಿಗೆ ನೀರನ್ನಾಗಲಿ ಕಷಾಯವನ್ನಾಗಲಿ ಹಾಕಬಾರದು. ಅದು ಶ್ವಾಸಕೋಶಕ್ಕೆ ಹೋಗುವುದು. ಬಾಯಲ್ಲಿ ಉಗುಳು ತುಂಬುತ್ತಿದ್ದರೆ ಒಂದು ಮಗ್ಗುಲಿಗೆ ಮಲಗಿಸಬೇಕು. ಬಿಗಿಯಾಗಿ ಹಗ್ಗ ಬಿಗಿಯುವುದು, ಕೊಯ್ಯುವುದು, ಹೀರುವುದು ಇವುಗಳಿಂದ ಹಾನಿಯೇ ಹೊರತು ಗುಣವಿಲ್ಲ. ಮಂತ್ರಿಸುವವರ ಬಳಿಗೆ ಮೊದಲು ಹೋಗಿ, “ವಿಷ ಇಳಿಯಲಿಲ್ಲ” ಎಂದಾದ ಮೇಲೆ ಆಸ್ಪತ್ರೆಗೆ ಬರುವುದುಂಟು. ಮನಸ್ಸಿನ ನೆಮ್ಮದಿಗಾಗಿ ಯಾರು ಯಾವ ದೇವರಿಗೆ ಬೇಕಾದರೂ ಹರಕೆ ಹೊರಲಿ. ಆದರೆ ಹರಕೆಯನ್ನು ವಾಹನದಲ್ಲಿ ಕುಳಿತು ಹೊರಲಿ ಎಂಬುದೇ ನಮ್ಮ ಪ್ರಾರ್ಥನೆ.

ಆಸ್ಪತ್ರೆಯಲ್ಲಿ ಕೊಡುವ ಪ್ರತಿವಿಷವು ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಎಂಬ ನಾಲ್ಕು ಹಾವುಗಳ ವಿಷವನ್ನು ಕುದುರೆಗಳಿಗೆ ಅಲ್ಪಾಲ್ಪವಾಗಿ ಚುಚ್ಚಿ, ಅವುಗಳ ರಕ್ತದಿಂದ ತಯಾರಿಸಿದುದು. ಅದಕ್ಕೆ ಬೇಕಾದ ವಿಷವನ್ನು ಬಹುಕಾಲದಿಂದ ಒದಗಿಸಿದವರಲ್ಲಿ 1978ರಲ್ಲಿ ತಮಿಳುನಾಡಿನಲ್ಲಿ ಸ್ಥಾಪಿತವಾದ ಇರುಳರ ಸಹಕಾರ ಸಂಘವು ಪ್ರಮುಖವಾದುದು. ಪ್ರತಿವಿಷದ ಪ್ರಮಾಣ ಮಕ್ಕಳಿಗೂ ದೊಡ್ಡವರಿಗೂ ಒಂದೇ. ಏಕೆಂದರೆ ಹಾವು ಮಗುವೆಂದು ವಿಷವನ್ನು ಕಡಿಮೆ ಸುರಿಸುವುದಿಲ್ಲ. ನಾಗರಹಾವಿನ ಕಡಿತದಲ್ಲಿ ನಿಯೋಸ್ಟಿಗ್ಮಿನ್ ಎಂಬ ಔಷಧವನ್ನೂ ಅಟ್ರೋಪಿನ್ ಜೊತೆಗೆ ಚುಚ್ಚುವರು. ಬಿದ್ದ ರೆಪ್ಪೆ ಅದರಿಂದ ಮೇಲೇಳುವುದನ್ನು ಕಣ್ಣಾರೆ ಕಾಣಬಹುದು. ಕಟ್ಟುಹಾವಿನ ವಿಷವು ನರದ ತುದಿಯನ್ನು ಒಮ್ಮೆ ಕೆಡಿಸಿದ ಮೇಲೆ ಪ್ರತಿವಿಷವಾಗಲಿ ಈ ಔಷಧವಾಗಲಿ ಅದನ್ನು ಹಿಂದಕ್ಕೆ ತರಲಾರದು. ಆಗ ನರವು ತಾನೇ ಮತ್ತೆ ಚಿಗುರುವವರೆಗೆ, ಕೆಲವು ದಿನಗಳೋ ಅದಕ್ಕಿಂತ ಹೆಚ್ಚು ಕಾಲವೋ, ಯಂತ್ರದ ಮೂಲಕ ಉಸಿರಾಡಿಸಿ ಕಾಯಬೇಕು. ಆದುದರಿಂದಲೇ ಬೇಗ ಹೋಗಬೇಕೆಂದು ನಾವು ಇಷ್ಟು ಒತ್ತಿ ಹೇಳುವುದು.

ಇಲ್ಲಿ ಬಂಧುಗಳೆಲ್ಲರೂ ತಿಳಿಯಬೇಕಾದ ಒಂದು ಸಂಗತಿಯಿದೆ. ಕಟ್ಟುಹಾವಿನ ವಿಷವೇರಿದ ರೋಗಿಯು ರೆಪ್ಪೆ ಎತ್ತಲಾರನು, ಕೈ ಆಡಿಸಲಾರನು, ಮಾತಾಡಲಾರನು. ಪಾಪೆಯೂ ಹಿಗ್ಗಿ ಬೆಳಕಿಗೆ ಅಲುಗದಿರಬಹುದು. ನೋಡಿದವರು ಆಸೆ ಬಿಡುವರು. ಆದರೆ ವಿಷವು ಕೆಡಿಸಿರುವುದು ನರಸ್ನಾಯುಗಳ ಸಂದಿಯನ್ನೇ ಹೊರತು ಮಿದುಳನ್ನಲ್ಲ. ಉಸಿರಿಗೆ ಕೊರತೆಯಾಗದಿದ್ದರೆ ಅವನು ಎಚ್ಚರದಲ್ಲಿಯೇ ಇದ್ದು, ಸುತ್ತಲಿನವರ ಮಾತುಗಳನ್ನೆಲ್ಲ ಕೇಳುತ್ತಿರುವ ಸಂಭವವುಂಟು. ಹೀಗೆ ಸತ್ತಂತೆ ಮಲಗಿದ್ದವರು ಯಂತ್ರದ ಸಹಾಯದಿಂದ ಪೂರ್ಣವಾಗಿ ಗುಣಹೊಂದಿ ಮನೆಗೆ ನಡೆದು ಹೋಗಿರುವರು. ಆದುದರಿಂದ ಹಾಸಿಗೆಯ ಪಕ್ಕದಲ್ಲಿ ಅಳುವುದನ್ನೂ ಸಾವಿನ ಮಾತನ್ನಾಡುವುದನ್ನೂ ಬಿಟ್ಟು ಅವನ ಹೆಸರು ಹಿಡಿದು ಧೈರ್ಯ ಹೇಳಬೇಕು. ಮುಚ್ಚಿದ ರೆಪ್ಪೆಯನ್ನು ನೋಡಿ ಜೀವವಿಲ್ಲವೆಂದು ತೀರ್ಮಾನಿಸುವುದು ಮಹಾಪ್ರಮಾದ.

2020ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಅಂದಾಜಿನ ಪ್ರಕಾರ, 2000ದಿಂದ 2019ರವರೆಗಿನ 20 ವರ್ಷಗಳಲ್ಲಿ ಭಾರತದಲ್ಲಿ ಸುಮಾರು 12 ಲಕ್ಷ ಮಂದಿ ಹಾವಿನ ಕಡಿತದಿಂದ ಸತ್ತರು. ಎಂದರೆ ವರ್ಷಕ್ಕೆ ಸರಾಸರಿ 58 ಸಾವಿರ. 2017ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಇದನ್ನು ಉಪೇಕ್ಷಿತ ಉಷ್ಣವಲಯದ ರೋಗಗಳ ಪಟ್ಟಿಯಲ್ಲಿ ಸೇರಿಸಿತು. 2024ರಲ್ಲಿ ಕರ್ನಾಟಕ ಸರ್ಕಾರವು ಹಾವಿನ ಕಡಿತವನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡತಕ್ಕ ವಿಷಯವೆಂದು ಸಾರಿತು. ಅದೇ ವರ್ಷ ಕೇಂದ್ರ ಸರ್ಕಾರವು 2030ರೊಳಗೆ ಈ ಸಾವುಗಳನ್ನು ಅರ್ಧಕ್ಕೆ ಇಳಿಸುವ ಯೋಜನೆಯನ್ನು ಪ್ರಕಟಿಸಿತು. ಆದರೆ ಗಾಯವೇ ಕಾಣದ ಕಡಿತವು ವರದಿಯಾಗಬೇಕಾದರೂ ಮೊದಲು ಅದನ್ನು ಯಾರಾದರೂ ಗುರುತಿಸಬೇಕಷ್ಟೆ. ಮಂಚದ ಮೇಲೆ ಮಲಗುವುದು, ಸೊಳ್ಳೆಪರದೆಯ ಅಂಚನ್ನು ಹಾಸಿಗೆಯಡಿ ಸಿಕ್ಕಿಸುವುದು, ಹೊಲಕ್ಕೆ ಹೋಗುವಾಗ ದೀಪ ಹಿಡಿಯುವುದು, ಇವು ಅಲ್ಪಖರ್ಚಿನ ದೊಡ್ಡ ರಕ್ಷೆಗಳು.

ಬೇಸಾಯಗಾರರ ಮನೆಗಳಲ್ಲಿ ಎರಡು ರೆಪ್ಪೆಗಳೂ ಬೀಳಲು ಇನ್ನೊಂದು ಕಾರಣವುಂಟು. ಅದು ಬೆಳೆಗೆ ಸಿಂಪಡಿಸುವ ಕೀಟನಾಶಕಗಳಲ್ಲಿ ರಂಜಕದ ಜಾತಿಗೆ ಸೇರಿದವು. 2018ರ ಡಿಸೆಂಬರಿನಲ್ಲಿ ಇದೇ ಜಿಲ್ಲೆಯ ಹನೂರು ತಾಲ್ಲೂಕಿನ ಸುಳ್ವಾಡಿಯಲ್ಲಿ ದೇವಾಲಯದ ಪ್ರಸಾದದಲ್ಲಿ ಇಂತಹ ವಿಷ ಸೇರಿ 15ಕ್ಕೂ ಹೆಚ್ಚು ಮಂದಿ ಮಡಿದ ದುಃಖವನ್ನು ನಾಡು ಮರೆತಿಲ್ಲ. ಈ ವಿಷ ಮೈಸೇರಿದಾಗ ಮೊದಲು ಪಾಪೆ ಸೂಜಿಮೊನೆಯಷ್ಟು ಕಿರಿದಾಗುವುದು, ಬೆವರು ಜೊಲ್ಲು ಸುರಿಯುವುವು. ಅದು ಇಳಿದು ರೋಗಿ ಚೇತರಿಸಿಕೊಂಡನೆಂದು ತಿಳಿದ ಮೇಲೆ, ಒಂದರಿಂದ ನಾಲ್ಕು ದಿನಗಳೊಳಗೆ ಕತ್ತು ಸೋತು ರೆಪ್ಪೆ ಇಳಿದು ಉಸಿರು ಕುಂದುವ ಎರಡನೆಯ ಘಟ್ಟ ಬರಬಹುದು. ಆದುದರಿಂದ “ಚೆನ್ನಾಗಿದ್ದೇನೆ” ಎಂದು ಇಂತಹ ರೋಗಿಯನ್ನು ಅವಸರದಿಂದ ಮನೆಗೆ ಕರೆದೊಯ್ಯಬಾರದು.

ಇನ್ನು ಒಂದೇ ಕಣ್ಣಿನ ರೆಪ್ಪೆ ಹಠಾತ್ತನೆ ಬಿದ್ದಿತೆನ್ನೋಣ. ಆಗ ಬೆರಳಿನಿಂದ ರೆಪ್ಪೆಯನ್ನೆತ್ತಿ ಪಾಪೆಯನ್ನು ನೋಡಬೇಕು. ಪಾಪೆ ಇನ್ನೊಂದು ಕಣ್ಣಿನದಕ್ಕಿಂತ ಹಿಗ್ಗಿದ್ದು, ಕಣ್ಣುಗುಡ್ಡೆ ಹೊರಮಗ್ಗುಲಿಗೆ ತಿರುಗಿದ್ದು, ತಲೆಯು ಎಂದೂ ಇಲ್ಲದಷ್ಟು ನೋಯುತ್ತಿದ್ದರೆ, ಮಿದುಳಿನ ರಕ್ತನಾಳವೊಂದು ಗುಳ್ಳೆಯಂತೆ ಊದಿ ಮೂರನೆಯ ನರವನ್ನು ಒತ್ತುತ್ತಿರಬಹುದು. ಅದು ಒಡೆದರೆ ಪ್ರಾಣಾಪಾಯ. ಆ ದಿನವೇ ದೊಡ್ಡ ಆಸ್ಪತ್ರೆಗೆ ಹೋಗಬೇಕು. ಪಾಪೆ ಸರಿಯಾಗಿದ್ದು ರೋಗಿಗೆ ಸಕ್ಕರೆ ಕಾಯಿಲೆಯೋ ರಕ್ತದ ಒತ್ತಡವೋ ಇದ್ದರೆ, ಅದೇ ನರಕ್ಕೆ ಹೋಗುವ ಸೂಕ್ಷ್ಮ ರಕ್ತನಾಳ ಅಡಗಿರುವುದು ಹೆಚ್ಚು ಸಂಭವ; ಅದು ಪ್ರಾಯಶಃ ಮೂರು ತಿಂಗಳಲ್ಲಿ ತಾನೇ ಸರಿಹೋಗುವುದು. ಆದರೂ ವೈದ್ಯರಿಗೆ ತೋರಿಸದೆ ಹಾಗೆಂದು ನಿರ್ಣಯಿಸಬಾರದು. ಮೂರನೆಯ ಬಗೆಯಲ್ಲಿ ರೆಪ್ಪೆ ಸ್ವಲ್ಪ ಮಾತ್ರ ಇಳಿದಿದ್ದು ಪಾಪೆ ಕಿರಿದಾಗಿರುವುದು. ಕೊರಳಿನ ಮೂಲಕ ಸುತ್ತಿಬರುವ ನರ ಕೆಟ್ಟುದರ ಗುರುತು ಅದು; 1869ರಲ್ಲಿ ಇದನ್ನು ವಿವರಿಸಿದ ಸ್ವಿಟ್ಜರ್‌ಲೆಂಡಿನ ನೇತ್ರವೈದ್ಯ ಹಾರ್ನರ್ ಎಂಬುವರ ಹೆಸರಿನಿಂದ ಇದನ್ನು ಕರೆಯುವರು. ಇದರ ಮೂಲವು ಕೊರಳಿನ ರಕ್ತನಾಳದ ಸೀಳಾಗಿರಬಹುದು, ಬೀಡಿ ಸೇದುವವರಲ್ಲಿ ಶ್ವಾಸಕೋಶದ ತುದಿಯ ಗಡ್ಡೆಯೂ ಆಗಿರಬಹುದು. ಕಣ್ಣಿನ ದೂರಿಗೆ ಎದೆಯ ಚಿತ್ರ ತೆಗೆಸಲು ವೈದ್ಯರು ಹೇಳಿದರೆ ಆಶ್ಚರ್ಯಪಡಬಾರದು.

ಈಗ ವಾರಗಳ, ತಿಂಗಳುಗಳ ಲೆಕ್ಕಕ್ಕೆ ಬರೋಣ. ಬೆಳಿಗ್ಗೆ ಎದ್ದಾಗ ಕಣ್ಣು ಚೆನ್ನಾಗಿ ತೆರೆದಿದ್ದು, ಹೊತ್ತು ಇಳಿದಂತೆಲ್ಲ ರೆಪ್ಪೆಯೂ ಇಳಿಯುತ್ತ ಬಂದು, ಸಂಜೆಗೆ ದೀಪ ಎರಡಾಗಿ ತೋರುವುದಾದರೆ, ಸ್ವಲ್ಪ ಮಲಗಿ ಎದ್ದರೆ ಮತ್ತೆ ಸರಿಹೋಗುವುದಾದರೆ, ಅದಕ್ಕೆ ಮಯಸ್ತೀನಿಯಾ ಗ್ರೇವಿಸ್ ಎಂಬ ರೋಗ ಕಾರಣವಾಗಿರಬಹುದು. ಇಲ್ಲಿ ಹೊರಗಿನ ವಿಷವಿಲ್ಲ. ಶರೀರದ ರಕ್ಷಣಾಶಕ್ತಿಯೇ ದಾರಿತಪ್ಪಿ ಸಂದಿಯ ಗ್ರಾಹಕಗಳನ್ನು ಕೆಡಿಸುವುದು. ಅರ್ಧಕ್ಕಿಂತ ಹೆಚ್ಚು ರೋಗಿಗಳಲ್ಲಿ ಇದು ಮೊದಲು ಕಣ್ಣಿನಲ್ಲೇ ತೋರುವುದು. ತರುಣಿಯರಲ್ಲಿಯೂ ವಯಸ್ಸಾದ ಗಂಡಸರಲ್ಲಿಯೂ ಹೆಚ್ಚು. ಪಾಪೆ ಮಾತ್ರ ಸರಿಯಾಗಿಯೇ ಇರುವುದು. ರೋಗಿಯು ತಲೆ ಎತ್ತದೆ ಕಣ್ಣಿನಿಂದ ಮಾತ್ರ ಸೂರನ್ನು ಒಂದೆರಡು ನಿಮಿಷ ದಿಟ್ಟಿಸಿ ನೋಡಲಿ. ರೆಪ್ಪೆ ಮೆಲ್ಲಮೆಲ್ಲನೆ ಇಳಿಯುವುದು ಕಾಣುವುದು. ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು ಮುಚ್ಚಿದ ಕಣ್ಣಿನ ಮೇಲೆ ಎರಡು ನಿಮಿಷ ಇಟ್ಟು ತೆಗೆದರೆ ರೆಪ್ಪೆ ಮೇಲೇರುವುದು. ತಂಪಿನಲ್ಲಿ ಆ ಸಂದಿಯ ಕೆಲಸ ಉತ್ತಮಗೊಳ್ಳುವುದೇ ಕಾರಣ. ವೈದ್ಯರೂ ಮಾಡುವ ಪರೀಕ್ಷೆ ಇದು.

ಈ ರೋಗದ ಚರಿತ್ರೆಯು ಹಾವಿನ ವಿಷದೊಡನೆ ಹೆಣೆದುಕೊಂಡಿರುವುದು ವಿಸ್ಮಯಕರವಾದುದು. 1934ರಲ್ಲಿ ಲಂಡನ್ನಿನ ಗ್ರೀನಿಚ್ಚಿನ ಆಸ್ಪತ್ರೆಯೊಂದರಲ್ಲಿ ಮೇರಿ ವಾಕರ್ ಎಂಬ ವೈದ್ಯೆಯು, ದಕ್ಷಿಣ ಅಮೆರಿಕದ ಬೇಟೆಗಾರರು ಬಾಣಕ್ಕೆ ಸವರುವ ಕುರಾರೆ ಎಂಬ ವಿಷವೇರಿದವರ ಸ್ಥಿತಿಯೂ ಈ ರೋಗಿಗಳ ಸ್ಥಿತಿಯೂ ಒಂದೇ ಬಗೆಯಾಗಿರುವುದನ್ನು ಗಮನಿಸಿದಳು. ಹಾಗಾದರೆ ಕುರಾರೆಗೆ ಪ್ರತಿಯಾದ ಔಷಧವೇ ಇಲ್ಲಿಯೂ ಏಕೆ ಫಲಿಸಬಾರದೆಂದು ಫೈಸೊಸ್ಟಿಗ್ಮಿನ್ ಚುಚ್ಚಿದಳು. ರೋಗಿಯ ಬಿದ್ದ ರೆಪ್ಪೆ ಮೇಲೆದ್ದಿತು. ಮರುವರ್ಷ ಅದೇ ಜಾತಿಯ ನಿಯೋಸ್ಟಿಗ್ಮಿನ್ ಅನ್ನು ಉಪಯೋಗಿಸಿದಳು. ಇಂದು ನಾಗರಹಾವು ಕಡಿದವರಿಗೆ ಕೊಡುವುದೂ ಅದನ್ನೇ. 1963ರಲ್ಲಿ ತೈವಾನಿನ ಚಾಂಗ್ ಮತ್ತು ಲೀ ಎಂಬ ವಿಜ್ಞಾನಿಗಳು ಅಲ್ಲಿಯ ಕಟ್ಟುಹಾವಿನ ವಿಷದಿಂದ ಗ್ರಾಹಕಗಳಿಗೆ ಮಾತ್ರ ಅಂಟಿಕೊಳ್ಳುವ ಒಂದು ಅಂಶವನ್ನು ಬೇರ್ಪಡಿಸಿದರು. ಆ ಅಂಶವನ್ನೇ ಗುರುತಿನ ಚೀಟಿಯಂತೆ ಬಳಸಿ, 1973ರಲ್ಲಿ ಅಮೆರಿಕದ ಸಂಶೋಧಕರು ಮಯಸ್ತೀನಿಯಾ ರೋಗಿಗಳಲ್ಲಿ ಗ್ರಾಹಕಗಳು ಕಡಿಮೆಯಾಗಿರುವುದನ್ನು ತೋರಿಸಿಕೊಟ್ಟರು. ರೆಪ್ಪೆಯನ್ನು ಬೀಳಿಸುವ ಹಾವೇ ರೆಪ್ಪೆ ಬೀಳುವ ಇನ್ನೊಂದು ರೋಗದ ಗುಟ್ಟನ್ನು ಬಿಚ್ಚಿಕೊಟ್ಟಿತು. ಈಗ ಈ ರೋಗಕ್ಕೆ ಮಾತ್ರೆಗಳಿವೆ. ಎದೆಯೊಳಗಿನ ಥೈಮಸ್ ಗ್ರಂಥಿಯಲ್ಲಿ ಗಡ್ಡೆಯಿದ್ದರೆ ಶಸ್ತ್ರಚಿಕಿತ್ಸೆಯುಂಟು. ಆದರೆ ನುಂಗುವುದಕ್ಕೂ ಉಸಿರಿಗೂ ತೊಂದರೆ ಬಂದರೆ ಇದೂ ಗಂಟೆಗಳ ಲೆಕ್ಕದ ರೋಗವಾಗುವುದೆಂಬುದನ್ನು ಮರೆಯಬಾರದು.

ಕೊನೆಗೆ ವರ್ಷಗಳ ಲೆಕ್ಕ. ವೃದ್ಧರಲ್ಲಿ ರೆಪ್ಪೆಯ ನಾರಿನ ಹಾಳೆ, ಎಂದರೆ ನಮ್ಮ ಬಾವಿಯ ಹಗ್ಗ, ಸಡಿಲವಾಗುವುದು. ತೋಳಿನಲ್ಲಿ ಬಲವಿದ್ದರೂ ಕೊಡ ಮೇಲೆ ಬಾರದು. ಪದೇ ಪದೇ ಕಣ್ಣುಜ್ಜುವವರಲ್ಲಿಯೂ ಕಣ್ಣಿನ ಪೊರೆ ತೆಗೆಸಿದ ಕೆಲವರಲ್ಲಿಯೂ ಹೀಗಾಗುವುದುಂಟು. ಇನ್ನು ಕೆಲವರಲ್ಲಿ ರೆಪ್ಪೆ ಸರಿಯಾಗಿದ್ದು, ಅದರ ಮೇಲಿನ ಚರ್ಮ ಮಾತ್ರ ಜೋತುಬಿದ್ದಿರುವುದು. ಇಂಥವರು ಹುಬ್ಬೇರಿಸಿ ಹಣೆ ಸುಕ್ಕುಗಟ್ಟಿಸಿ ನೋಡುವರು. ಸಂಜೆಯ ಹೊತ್ತಿಗೆ ಹಣೆ ನೋಯುವುದು. ದೃಷ್ಟಿಗೆ ಅಡ್ಡಿಯಾದರೆ ಸಣ್ಣ ಶಸ್ತ್ರಚಿಕಿತ್ಸೆಯಿಂದ ಸರಿಪಡಿಸಬಹುದು. ಎಷ್ಟು ವರ್ಷಗಳಿಂದ ಹೀಗಿದೆಯೆಂಬುದು ನೆನಪಿಲ್ಲದಿದ್ದರೆ ಗೋಡೆಯ ಮೇಲಿರುವ ಮದುವೆಯ ಭಾವಚಿತ್ರವನ್ನು ಇಳಿಸಿ ನೋಡಿರಿ. ಹತ್ತು ವರ್ಷಗಳ ಹಿಂದಿನ ಚಿತ್ರದಲ್ಲಿಯೂ ರೆಪ್ಪೆ ಹೀಗೆಯೇ ಇದ್ದರೆ ಅವಸರಪಡಬೇಕಾಗಿಲ್ಲ. ಹೋದ ವರ್ಷದ ಚಿತ್ರದಲ್ಲಿ ಇಲ್ಲದ್ದು ಈಗ ಇದ್ದರೆ, “ವಯಸ್ಸಾಯಿತು” ಎನ್ನುವ ಮೊದಲು ವೈದ್ಯರನ್ನು ಕೇಳಬೇಕು.

ಮಕ್ಕಳ ವಿಷಯದಲ್ಲಿ “ಹುಟ್ಟಿದ್ದೇ ಹಾಗೆ” ಎಂಬ ಮಾತು ನಿಜವಾದರೂ ಸುಮ್ಮನಿರಲು ಅದು ಕಾರಣವಲ್ಲ. ಹುಟ್ಟಿನಿಂದಲೇ ರೆಪ್ಪೆಯನ್ನೆತ್ತುವ ಸ್ನಾಯು ಚೆನ್ನಾಗಿ ಬೆಳೆಯದಿರುವುದುಂಟು. ಕೆಲವು ಮಕ್ಕಳಲ್ಲಿ ಹಾಲು ಕುಡಿಯುವಾಗ ದವಡೆಯ ಆಟಕ್ಕೆ ತಕ್ಕಂತೆ ರೆಪ್ಪೆ ಮೇಲೆ ಕೆಳಗೆ ಆಡುವುದು; ಇದನ್ನು ಮೊದಲು ಕಾಣುವವಳು ತಾಯಿಯೇ. ನೋಡುವುದನ್ನು ಮಿದುಳು ಕಲಿಯುವುದು ಬಾಲ್ಯದ ಮೊದಲ ಏಳೆಂಟು ವರ್ಷಗಳಲ್ಲಿ. ಆಗ ರೆಪ್ಪೆಯು ಪಾಪೆಯನ್ನು ಮುಚ್ಚಿದ್ದರೆ ಮಿದುಳು ಆ ಕಣ್ಣನ್ನು ಮರೆತುಬಿಡುವುದು. ಮುಂದೆ ರೆಪ್ಪೆಯನ್ನೆತ್ತಿದರೂ ದೃಷ್ಟಿ ಪೂರ್ಣವಾಗಿ ಬಾರದು. ಮಗು ಗಲ್ಲವನ್ನೆತ್ತಿ ಆಕಾಶ ನೋಡುವಂತೆ ಮುಂದೆ ನೋಡುತ್ತಿದ್ದರೆ, ಒಂದು ಕಣ್ಣು ಮುಚ್ಚಿದಾಗ ಹಟ ಮಾಡಿ ಕೈಯನ್ನು ತಳ್ಳುತ್ತಿದ್ದರೆ, ತಡಮಾಡದೆ ನೇತ್ರವೈದ್ಯರಿಗೆ ತೋರಿಸಬೇಕು. ಹೆಣ್ಣುಮಗುವಾದರೆ ಮದುವೆಯ ಸಮಯಕ್ಕೆ ನೋಡೋಣವೆಂದು ಮುಂದೂಡುವ ಹಿರಿಯರಿರುವರು. ಮುಖದ ಚೆಲುವು ಆಗಲೂ ಸರಿಹೋದೀತು; ಕಳೆದ ದೃಷ್ಟಿ ಬಾರದು.

ಈ ಎಲ್ಲ ಪರೀಕ್ಷೆಗಳಿಗೂ ಎಲ್ಲಿಗೆ ಹೋಗಬೇಕೆಂದು ವಾಚಕರು ಕೇಳಬಹುದು. ಚಾಮರಾಜನಗರದಲ್ಲಿ 2016ರಿಂದ ಸರ್ಕಾರದ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯಿದೆ. ಗುಂಡ್ಲುಪೇಟೆಯಿಂದಾಗಲಿ ಚಾಮರಾಜನಗರದಿಂದಾಗಲಿ ಸುಮಾರು 60 ಕಿಲೋಮೀಟರು ದೂರದ ಮೈಸೂರಿನಲ್ಲಿ ಕೃಷ್ಣರಾಜೇಂದ್ರ ಆಸ್ಪತ್ರೆಯಿದೆ. ಬೆಂಗಳೂರಿನಲ್ಲಿ ಕಣ್ಣಿಗೆ ಮಿಂಟೋ ಆಸ್ಪತ್ರೆಯೂ, ನರರೋಗಗಳಿಗೆ 1974ರಲ್ಲಿ ಈಗಿನ ರೂಪವನ್ನು ತಳೆದ ನಿಮ್ಹಾನ್ಸ್ ಸಂಸ್ಥೆಯೂ ಇವೆ. ವರ್ಷಗಳ ಲೆಕ್ಕದ ರೆಪ್ಪೆಗೆ ಎಲ್ಲಿಗೆ ಬೇಕಾದರೂ ನಿಧಾನವಾಗಿ ಹೋಗಬಹುದು. ಗಂಟೆಗಳ ಲೆಕ್ಕದ್ದಕ್ಕೆ ಮಾತ್ರ ಹತ್ತಿರದ ಆಸ್ಪತ್ರೆಯೇ ಮೊದಲು. ಅಲ್ಲಿ ಪ್ರತಿವಿಷ ಆರಂಭಿಸಿ, ಅಗತ್ಯವಿದ್ದರೆ ಉಸಿರಾಟಕ್ಕೆ ಸಹಾಯವನ್ನಿಟ್ಟುಕೊಂಡೇ ಮುಂದಕ್ಕೆ ಕಳುಹಿಸುವರು. ತಮ್ಮ ಊರಿಗೆ ಹತ್ತಿರದಲ್ಲಿ ಪ್ರತಿವಿಷವೂ ಉಸಿರಾಟದ ಯಂತ್ರವೂ ಇರುವ ಆಸ್ಪತ್ರೆ ಯಾವುದೆಂದು ಮುಂಗಾರಿಗೆ ಮೊದಲೇ ವಿಚಾರಿಸಿ ಗೋಡೆಯ ಮೇಲೆ ಬರೆದಿಟ್ಟುಕೊಳ್ಳುವುದು ಗೃಹಸ್ಥರ ಕರ್ತವ್ಯ.

ಆಸ್ಪತ್ರೆಗೆ ಹೊರಡುವಾಗ ಒಂದು ಚೀಟಿಯಲ್ಲಿ ಇಷ್ಟನ್ನು ಬರೆದುಕೊಂಡು ಹೋಗಿರಿ: ರೆಪ್ಪೆ ಬಿದ್ದುದನ್ನು ಮೊದಲು ಕಂಡ ಹೊತ್ತು; ಒಂದು ಕಣ್ಣೋ ಎರಡೋ; ರಾತ್ರಿ ಎಲ್ಲಿ ಮಲಗಿದ್ದರು; ಹೊಟ್ಟೆನೋವು, ವಾಂತಿ, ತಲೆನೋವು ಇದ್ದುವೇ; ಯಾವ ಔಷಧಗಳನ್ನು ತೆಗೆದುಕೊಳ್ಳುತ್ತಿದ್ದರು; ಹೊಲದಲ್ಲಿ ಏನನ್ನು ಸಿಂಪಡಿಸಿದ್ದರು. ಅವಸರದಲ್ಲಿ ಮನೆಯವರ ನಾಲಿಗೆ ತಡವರಿಸುವುದು ಸಹಜ. ರೋಗಿಗೆ ಮಾತೇ ಹೊರಡದಿರಬಹುದು. ಆಗ ವೈದ್ಯರಿಗೆ ಕಾರಣವನ್ನು ತಿಳಿಸುವುದು ಆ ಚೀಟಿಯೇ.